ಹನ್ನೊಂದು ಮತ್ತು ಹತ್ತೊಂಬತ್ತು

ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆಗೆ ಅರ್ಜಿ ಕರೆದಾಗ ಮೊದಲು ಕೇಳುವುದು ಪ್ರಕಟಣೆಗಳ ಪಟ್ಟಿ. ಯಾವ ಪತ್ರಿಕೆ, ಯಾವ ವರ್ಷ, ಲೇಖಕರಲ್ಲಿ ನಿಮ್ಮ ಹೆಸರು ಎಷ್ಟನೆಯದು ಎಂದು ಆಫೀಸಿನವರು ಕೊಟ್ಟ ನಮೂನೆಯಲ್ಲಿ ತುಂಬಿಸಬೇಕು. ನನ್ನ ಪಟ್ಟಿ ಉದ್ದವಾದದ್ದೇನಲ್ಲ. ಸುಳ್ಯದಲ್ಲಿ ಪಾಠ ಮಾಡುತ್ತ, ದಿನವೂ ಬರುವ ಬಯಾಪ್ಸಿಗಳನ್ನು ನೋಡಿ ವರದಿ ಕೊಡುತ್ತ, ಉಳಿದ ಹೊತ್ತಿನಲ್ಲಿ ಮಾಡಿದ ಕೆಲಸ. ಒಟ್ಟು ಹದಿನಾಲ್ಕು ಲೇಖನಗಳು. ಹೆಚ್ಚಿನವು ಎರಡು ಮೂರು ಪುಟದ ಸಣ್ಣ ವರದಿಗಳು. ಹೊರಗಿನವರು ಓದಿ ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದು ಅದರಲ್ಲಿ ಒಂದನ್ನು ಮಾತ್ರ.

ಅದು ಬಾಯಿಯ ಕ್ಯಾನ್ಸರ್ ಆದವರ ರಕ್ತದ ಬಗ್ಗೆ ಬರೆದದ್ದು. ನಮ್ಮ ರಕ್ತದಲ್ಲಿ ರೋಗದ ಜೀವಕೋಶಗಳನ್ನು ಹುಡುಕಿ ಕೊಲ್ಲುವ ಒಂದು ಬಗೆಯ ಬಿಳಿ ಕಣಗಳಿವೆ. ಆಪರೇಷನ್‌ಗೆ ಮೊದಲು ಆ ಕಣಗಳು ಜಾಸ್ತಿ ಇದ್ದವರಿಗೆ ರೋಗ ಮತ್ತೆ ಬರುವುದು ಕಡಿಮೆ ಎಂದು ನಾವು ಬರೆದಿದ್ದೆವು. ನಾವು ಅಂದರೆ ನಾನು ಮತ್ತು ನನಗೆ ಈ ಕೆಲಸ ಕಲಿಸಿದ ಸರ್. ಅವರು ನಿವೃತ್ತರಾಗುವ ಮೊದಲು ಮಾಡಿದ ಕೊನೆಯ ಅಧ್ಯಯನ ಅದು. ಈಗ ಪುತ್ತೂರಿನಲ್ಲಿದ್ದಾರೆ.

ನನ್ನ ತವರು ಕುಂಬ್ರ. ಅಣ್ಣನಿಗೆ ಅಲ್ಲಿ ಅಡಿಕೆ ಖರೀದಿಯ ಅಂಗಡಿ ಇದೆ. ಅಪ್ಪನಿಂದ ಬಂದದ್ದು. ನಾನು ಓದಿದ್ದು ಆ ಅಂಗಡಿಯ ದುಡ್ಡಿನಿಂದಲೇ. ನನ್ನ ಲೇಖನಗಳಲ್ಲಿ ರೋಗಿಗಳ ಅಭ್ಯಾಸ ಎಂಬ ಜಾಗದಲ್ಲಿ ಬಹುತೇಕ ಪ್ರತಿಯೊಬ್ಬರ ಎದುರೂ ಎಲೆ, ಅಡಿಕೆ, ಹೊಗೆಸೊಪ್ಪು ಎಂದು ಬರೆಯಬೇಕಾಗುತ್ತದೆ. ಹಾಗಾಗಿ ಮನೆಯಲ್ಲಿ ನನ್ನ ಕೆಲಸದ ಮಾತು ಬರುವುದಿಲ್ಲ. ಅಣ್ಣ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಹಬ್ಬಕ್ಕೆ ಹೋಗಿ, ಊಟ ಮಾಡಿ, ಸಂಜೆಯ ಬಸ್ಸಿಗೆ ಸುಳ್ಯಕ್ಕೆ ಬರುತ್ತೇನೆ. ಮದುವೆಯ ಮಾತು ಎರಡು ಸಲ ಬಂದು ಹೋಗಿತ್ತು. ಆಮೇಲೆ ಯಾರೂ ತರಲಿಲ್ಲ. ಬಟ್ಟೆಯಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ ನಾನು ಒಬ್ಬಳೇ ಇರುವುದು, ಇಪ್ಪತ್ತು ವರ್ಷ ದಾಟಿತು. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಶನಿವಾರ ಮಧ್ಯಾಹ್ನ ಕ್ಲಾಸು ಮುಗಿಸಿ ಬಂದವಳು ಸೋಮವಾರ ಬೆಳಿಗ್ಗೆ ಹಾಜರಿ ಕರೆಯುವಾಗಲೇ ಮತ್ತೆ ಬಾಯಿ ತೆರೆದದ್ದೂ ಉಂಟು. ಸ್ವರ ಹೊರಡದೆ ಮಕ್ಕಳೆದುರು ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ.

ಅರ್ಜಿಯ ನಮೂನೆ ತುಂಬಿಸುತ್ತಿದ್ದ ವಾರವೇ ಒಂದು ಇಮೇಲ್ ಬಂತು. ಬೇರೆ ದೇಶದ ಒಬ್ಬ ಸಂಶೋಧಕಿ ನಮ್ಮಂಥ ಹತ್ತಾರು ಸಣ್ಣ ಅಧ್ಯಯನಗಳನ್ನು ಒಟ್ಟು ಸೇರಿಸಿ ದೊಡ್ಡದೊಂದು ಲೆಕ್ಕ ಮಾಡುತ್ತಿದ್ದಳು. ನಿಮ್ಮ ರೋಗಿಗಳ ಪೂರ್ತಿ ಕೋಷ್ಟಕ ಕಳಿಸಬಹುದೇ, ಹೆಸರು ಬೇಡ, ವಯಸ್ಸು, ರಕ್ತದ ಗುಂಪು, ಕಣಗಳ ಎಣಿಕೆ ಸಾಕು ಎಂದು ಕೇಳಿದ್ದಳು. ನನಗೆ ಖುಷಿಯಾಯಿತು. ನನ್ನ ಕೆಲಸ ಬೇಕು ಎಂದು ಯಾರಾದರೂ ಬರೆದು ಎಷ್ಟೋ ಕಾಲವಾಗಿತ್ತು. ಲ್ಯಾಬಿನ ಕಪಾಟಿನಿಂದ ಹಳೆಯ ಕಡತಗಳನ್ನು ತೆಗೆದು ಕೋಷ್ಟಕ ಮಾಡಲು ಕೂತೆ.

ರಕ್ತದ ಗುಂಪಿನ ಸಾಲನ್ನು ತುಂಬಿಸುವಾಗ ಕೈ ನಿಂತಿತು. ಎಬಿ ನೆಗೆಟಿವ್ ಎರಡು ಕಡೆ ಇತ್ತು. ತೀರಾ ಅಪರೂಪದ ಗುಂಪು ಅದು. ಇಪ್ಪತ್ತಮೂರು ಜನರ ಸಣ್ಣ ಅಧ್ಯಯನದಲ್ಲಿ ಇಬ್ಬರು ಸಿಗುವುದು ಕಷ್ಟ. ಇಬ್ಬರೂ ಹೆಂಗಸರು, ಇಬ್ಬರಿಗೂ ನಲವತ್ತೆಂಟು ವರ್ಷ. ಪಟ್ಟಿಯಲ್ಲಿ ಹನ್ನೊಂದನೆಯವರ ವಿಳಾಸ ಸುಳ್ಯದ ಕಡೆಯ ಒಂದು ಹಳ್ಳಿ. ಹತ್ತೊಂಬತ್ತನೆಯವರದ್ದು ಕಾಣಿಯೂರು. ಹೆಸರು ಬೇರೆ ಬೇರೆ. ಇಬ್ಬರ ನಡುವೆ ಐದು ತಿಂಗಳ ಅಂತರ.

ಒಪ್ಪಿಗೆ ಪತ್ರಗಳನ್ನು ತೆಗೆದು ಅಕ್ಕಪಕ್ಕ ಇಟ್ಟೆ. ಎರಡರ ಅಂಚಿನಲ್ಲೂ ರಕ್ತ ತೆಗೆದವರ ಟಿಪ್ಪಣಿ ಇತ್ತು: ‘ಎಡಗೈಯಲ್ಲಿ ದೊಡ್ಡ ಸುಟ್ಟ ಕಲೆ. ಬಲಗೈಯಿಂದ ತೆಗೆದಿದೆ.’ ಎರಡೂ ನನ್ನ ಅಕ್ಷರ.

ಲೇಖನದ ಪ್ರತಿ ತೆಗೆದು ನೋಡಿದೆ. ಆ ಲೇಖನದಲ್ಲಿ ಕಣಗಳು ಜಾಸ್ತಿ ಇದ್ದವರು ಐದೇ ಜನ. ಐದು ಜನರಿಗೂ ರೋಗ ಮತ್ತೆ ಬಂದಿಲ್ಲ ಎಂಬುದೇ ನಮ್ಮ ದೊಡ್ಡ ಮಾತು. ಹನ್ನೊಂದು, ಹತ್ತೊಂಬತ್ತು ಎರಡೂ ಆ ಐದರಲ್ಲಿದ್ದವು. ಹತ್ತೊಂಬತ್ತನೆಯವರು ನಮ್ಮಲ್ಲೇ ಆಪರೇಷನ್ ಮಾಡಿಸಿಕೊಂಡು ಪ್ರತಿ ವರ್ಷ ತಪಾಸಣೆಗೆ ಬರುತ್ತಿದ್ದರು. ಹನ್ನೊಂದನೆಯವರು ಬಯಾಪ್ಸಿ ಆದಮೇಲೆ ಚಿಕಿತ್ಸೆಗೆ ಬಂದಿರಲಿಲ್ಲ. ಕೊಟ್ಟ ನಂಬರಿಗೆ ನಾನೇ ಫೋನ್ ಮಾಡಿದ್ದೆ. ಎತ್ತಿದವರು ಅವರ ತಾಯಿ. ಆ ಕಡೆಯ ಹಳ್ಳಿಯವರ ಅರೆಭಾಷೆಯಲ್ಲಿ ಮಾತಾಡಿದರು. ನನ್ನದು ತುಳು, ಅವರ ಮಾತು ಅರ್ಧ ತಿಳಿಯಿತು, ಅರ್ಧ ಊಹಿಸಿದೆ. ಮಂಗಳೂರಿನಲ್ಲಿ ತೆಗೆಸಿ ಆಯಿತು, ಈಗ ಹುಷಾರಿದ್ದಾಳೆ ಅಂದರು. ಮರುವರ್ಷವೂ ಅದನ್ನೇ ಹೇಳಿದರು. ನಾನು ಎರಡು ಸಲವೂ ‘ರೋಗ ಮರುಕಳಿಸಿಲ್ಲ’ ಎಂದು ಬರೆದುಕೊಂಡೆ.

ಮರುದಿನ ಹತ್ತೊಂಬತ್ತನೆಯವರ ನಂಬರಿಗೆ ಫೋನ್ ಮಾಡಿದೆ. ಸುಳ್ಯದ ಆಸ್ಪತ್ರೆಯ ಲ್ಯಾಬಿನ ಡಾಕ್ಟರು ಅಂದೆ.

“ರಿಪೋರ್ಟಲ್ಲಿ ಎಂತಾದ್ರೂ ಬಂತಾ?” ಎಂದು ಕೇಳಿದರು.

“ಇಲ್ಲ ಇಲ್ಲ, ನೀವು ಹುಷಾರಿದ್ದೀರಿ. ನನ್ನ ಪುಸ್ತಕದಲ್ಲಿ ಒಂದು ಸಂಶಯ ಉಂಟು. ನಿಮ್ಮ ಹತ್ರ ಕೇಳ್ಬೇಕಿತ್ತು.”

“ಬುಧವಾರ ಬನ್ನಿ. ಅವತ್ತು ಇವರು ಪುತ್ತೂರಿಗೆ ಹೋಗುದು” ಅಂದರು. ಸಂಶಯ ಏನೆಂದು ಕೇಳಲಿಲ್ಲ. ಅಲ್ಲಿಗೇ ನನಗೆ ಉತ್ತರ ಸಿಕ್ಕಿದ ಹಾಗಾಯಿತು.

ಬುಧವಾರ ರಜೆ ಹಾಕಿ ಬೆಳ್ಳಾರೆಯಲ್ಲಿ ಬಸ್ಸು ಬದಲಿಸಿ ಕಾಣಿಯೂರಿಗೆ ಹೋದೆ. ಮನೆ ರಸ್ತೆಯಿಂದ ದೂರವಿರಲಿಲ್ಲ. ಬಾಗಿಲಲ್ಲೇ ಕಾಯುತ್ತಿದ್ದರು. ಬೆಲ್ಲ ನೀರು ಕೊಟ್ಟರು. ಕೆನ್ನೆಯ ಒಳಭಾಗ ತೆಗೆದದ್ದರಿಂದ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಮಾತು ನಿಧಾನ, ಆದರೆ ಸ್ಪಷ್ಟ. ಅವರ ಮುಖವನ್ನು ಅಷ್ಟು ಹೊತ್ತು ನೋಡಿದ್ದು ನಾನು ಅದೇ ಮೊದಲು.

“ಬೇಸರ ಮಾಡ್ಬೇಡಿ, ಒಂದು ಕೇಳ್ತೇನೆ. ನೀವು ನಮ್ಮ ಆಸ್ಪತ್ರೆಗೆ ಮೊದಲು ಬಂದದ್ದು ಯಾವಾಗ?”

“ಇವರು ಕರ್ಕೊಂಡು ಬಂದದ್ದಲ್ವಾ. ಮಗಳ ಮದುವೆ ಕಳೆದ ಮೇಲೆ.”

“ಅದಕ್ಕಿಂತ ಮೊದಲು?”

ಅವರು ಎಡಗೈಯ ಮೇಲೆ ಸೆರಗು ಎಳೆದುಕೊಂಡರು. ಆಮೇಲೆ ಅದನ್ನು ತಾವೇ ಸರಿಸಿ, ಮೊಣಕೈಯಿಂದ ಮಣಿಗಂಟಿನವರೆಗಿದ್ದ ಕಲೆಯನ್ನು ನನಗೆ ತೋರಿಸಿದರು.

“ಇದರಿಂದ ಗೊತ್ತಾದದ್ದಾ?”

“ಹೌದು.”

“ಸಣ್ಣದಿರುವಾಗ ಬಿಸಿನೀರಿನ ಹಂಡೆ ಮಗುಚಿದ್ದು” ಅಂದರು. “ಮಗಳಿಗೆ ಸಂಬಂಧ ಮಾತಾಡ್ತಿದ್ರು ಡಾಕ್ಟ್ರೆ. ತಾಯಿಗೆ ಹೀಗುಂಟು ಅಂತ ಗೊತ್ತಾದ್ರೆ ಅವರು ಹಿಂದೆ ಹೋಗುದಿಲ್ವಾ? ನಾಳೆ ಮಗಳಿಗೂ ಬರ್ತದೆ ಅಂತ ಹೇಳುದಿಲ್ವಾ? ಬಾಯಲ್ಲಿ ಹುಣ್ಣು ಇದ್ದದ್ದು, ಗುಣ ಆಗುದೇ ಇಲ್ಲ. ನನಗೆ ಸಂಶಯ ಬಂತು. ಅಮ್ಮನಲ್ಲಿಗೆ ಹೋಗುದು ಅಂತ ಹೇಳಿ ಅಲ್ಲಿಂದ ಸುಳ್ಯಕ್ಕೆ ಬಂದೆ. ಅಮ್ಮನ ಮನೆಯಲ್ಲಿ ಕರೆಯುವ ಹೆಸರು ಬರೆಸಿದೆ, ಅಮ್ಮನ ವಿಳಾಸ ಕೊಟ್ಟೆ.”

“ಆ ರಿಪೋರ್ಟ್ ತಗೊಂಡ್ರಾ?”

“ನಾನೇ ಬಂದು ತಗೊಂಡೆ. ಅದೇ ಅಂತ ಹೇಳಿದ್ರು. ಬಸ್ಸಲ್ಲಿ ಬರುವಾಗ ಹರಿದು ಹಾಕಿದೆ.”

“ಯಾರಿಗೆ ಹೇಳಿದ್ರಿ?”

“ಯಾರಿಗೂ ಇಲ್ಲ. ಅಮ್ಮನಿಗೆ ಸಣ್ಣ ಗಂಟು ಅಂತ ಮಾತ್ರ ಹೇಳಿದ್ದು. ಆಸ್ಪತ್ರೆಯಿಂದ ಯಾರಾದ್ರೂ ಕೇಳಿದ್ರೆ ಮಂಗ್ಳೂರಲ್ಲಿ ತೆಗೆಸಿ ಆಯ್ತು, ಹುಷಾರಿದ್ದಾಳೆ ಅಂತ ಹೇಳು ಅಂದಿದ್ದೆ.”

ಕೇಳಿದವಳು ನಾನೇ ಎಂದು ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರು. ತಾಯಿ ತೀರಿಹೋಗಿದ್ದಾರೆ ಎಂದರು.

“ಮದುವೆವರೆಗೆ ಐದು ತಿಂಗಳು. ಹೇಗೆ ಇದ್ರಿ?”

“ಕೆಲಸ ಇತ್ತಲ್ಲ. ಸೀರೆ ತೆಗೆಯುದು, ಕಾಗದ ಕೊಡ್ಲಿಕ್ಕೆ ಹೋಗುದು, ನೆಂಟ್ರು ಬರುದು. ಮದುವೆ ದಿನ ಊಟ ಮಾಡ್ಲಿಕ್ಕೆ ಆಗ್ಲಿಲ್ಲ, ಅಷ್ಟು ಉರಿ. ಮಗಳು ಹೋಗ್ತಾಳಲ್ಲ, ತಾಯಿಗೆ ಬೇಸರ ಅಂತ ಎಲ್ರೂ ಹೇಳಿದ್ರು. ನಾನೂ ಹೌದು ಅಂದೆ. ನಾಲ್ಕು ದಿನ ಬಿಟ್ಟು ಇವರ ಹತ್ರ ಹುಣ್ಣು ತೋರಿಸಿದೆ, ಈಗ ಆದದ್ದು ಅಂತ.”

ಬೆಲ್ಲದ ತುಂಡು ಕೈಯಲ್ಲೇ ಅಂಟಿಕೊಂಡಿತ್ತು.

ಅವರೇ ಮುಂದುವರಿಸಿದರು. “ಎರಡನೇ ಸಲ ರಕ್ತ ತೆಗೀಲಿಕ್ಕೆ ಕೂತದ್ದು ನಿಮ್ಮ ಎದುರೇ. ಇವರು ಪಕ್ಕದಲ್ಲೇ ಇದ್ರು. ಮೊನ್ನೆ ಬಂದಿದ್ರಲ್ಲ ಅಂತ ನೀವು ಒಂದು ಮಾತು ಹೇಳಿದ್ರೆ ಮುಗೀತು. ಅಷ್ಟು ದಿನ ಹೇಳ್ಲಿಲ್ಲ ಅಂತ ಇವರಿಗೆ ಗೊತ್ತಾಗ್ತಿತ್ತು.” ಅವರ ಅರ್ಧ ತೆರೆದ ಬಾಯಿಯಲ್ಲಿ ನಗು ಬಂತು. “ನೀವು ಮುಖ ನೋಡ್ಲೇ ಇಲ್ಲ ಡಾಕ್ಟ್ರೆ. ಎರಡು ಸಲವೂ ಕೈ ಮಾತ್ರ ನೋಡಿದ್ದು. ದೇವ್ರು ಕಾಪಾಡಿದ ಅಂದ್ಕೊಂಡೆ.”

ಅವರು ಅದನ್ನು ದೂರುವಂತೆ ಹೇಳಲಿಲ್ಲ. ನಿಜವಾದ ಉಪಕಾರ ಸ್ಮರಣೆಯಿಂದ ಹೇಳಿದರು. ನನಗೆ ಬೈದಿದ್ದರೆ ಸಹಿಸಿಕೊಳ್ಳುವುದು ಸುಲಭವಿತ್ತು.

“ಇದನ್ನು ನಾನು ಬರೀಬೇಕಾಗ್ತದೆ. ಹೆಸರು ಎಲ್ಲೂ ಬರುದಿಲ್ಲ. ಇಬ್ಬರು ಅಂತ ಬರೆದದ್ದು ಒಬ್ಬರೇ ಅಂತ ತಿದ್ದಬೇಕು” ಅಂದೆ.

“ಬರೀರಿ. ಇವರಿಗೆ ಮಾತ್ರ ಗೊತ್ತಾಗುದು ಬೇಡ.”

ಈಗ ಇದನ್ನು ಬರೆಯುವಾಗಲೂ ಅವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಒಬ್ಬರ ಮಾತು ಹೀಗಾದ ಮೇಲೆ ಫೋನಿನಲ್ಲಿ ಕೇಳಿ ಬರೆದುಕೊಂಡ ಉಳಿದವರನ್ನೂ ನೋಡಲೇಬೇಕಿತ್ತು. ಅಂಥವರು ಇನ್ನೂ ಮೂವರಿದ್ದರು. ಒಬ್ಬರ ನಂಬರ್ ಚಾಲ್ತಿಯಲ್ಲಿರಲಿಲ್ಲ. ಇನ್ನೊಬ್ಬರು ಸ್ವತಃ ಮಾತಾಡಿ, ಚೆನ್ನಾಗಿದ್ದೇನೆ ಅಂದರು. ಮೂರನೆಯವರ ಮಗ ಎತ್ತಿದ. ಅಪ್ಪ ಹೋಗಿ ತುಂಬಾ ಸಮಯ ಆಯಿತು, ನೀವು ಕೇಳಿದಾಗಲೇ ಗಂಟಲಲ್ಲಿ ಮತ್ತೆ ಬಂದಿತ್ತು, ಅವರೆದುರು ಹೇಳಬಾರದೆಂದು ಹುಷಾರಿದ್ದಾರೆ ಅಂದೆವು ಎಂದ. ಅವರೂ ನಮ್ಮ ಐದು ಜನರಲ್ಲಿ ಒಬ್ಬರು. ತಿದ್ದಿ ಉಳಿಸಿಕೊಳ್ಳಲು ಲೇಖನದಲ್ಲಿ ಇನ್ನೇನೂ ಇರಲಿಲ್ಲ. ಅದನ್ನು ಹಿಂತೆಗೆದುಕೊಳ್ಳಬೇಕಿತ್ತು.

ಸರ್ ಅವರ ಒಪ್ಪಿಗೆ ಇಲ್ಲದೆ ಅದು ಆಗುವಂಥದ್ದಲ್ಲ. ಕಡತ ಹಿಡಿದುಕೊಂಡು ಪುತ್ತೂರಿಗೆ ಹೋದೆ.

“ಬಾ ಮಾರಾಯ್ತಿ, ಪ್ರೊಫೆಸರ್ ಆದ್ಯಾ?” ಎಂದು ಜಗಲಿಯಿಂದಲೇ ಕರೆದರು. ಅವರ ಹೆಂಡತಿ ಚಹಾ ತಂದರು. ಸರ್ ಎರಡೂ ಒಪ್ಪಿಗೆ ಪತ್ರಗಳನ್ನು ಓದಿದರು, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಚಹಾ ಮುಟ್ಟಲಿಲ್ಲ.

“ಒಬ್ಬಳು ಹೆಂಗಸು ಹೆಸರು ಬದಲಿಸಿ ಎರಡು ಸಲ ಬಂದಿದ್ದಾಳೆ. ಇದರಲ್ಲಿ ನಮ್ಮ ಮೋಸ ಎಂತ ಉಂಟು?”

“ಮೋಸ ಇಲ್ಲ ಸರ್. ತಪ್ಪು ಉಂಟು. ತಪ್ಪು ನನ್ನದೇ, ಫೋನ್ ಮಾಡಿದ್ದು ನಾನು.”

“ಇಂಟರ್‌ವ್ಯೂ ಯಾವಾಗ?”

“ಮುಂದಿನ ತಿಂಗಳು.”

“ಅದು ಮುಗೀಲಿ. ಮತ್ತೆ ಬರಿ. ಇಷ್ಟು ವರ್ಷ ಯಾರೂ ಕೇಳ್ಲಿಲ್ಲ, ಇನ್ನೊಂದು ತಿಂಗಳಲ್ಲಿ ಎಂತ ಆಗ್ತದೆ?”

“ಪಟ್ಟಿಯಲ್ಲಿ ಇದನ್ನೇ ಮೊದಲು ಹಾಕಿದ್ದೇನೆ ಸರ್. ಗೊತ್ತಿದ್ದೂ ಹೇಗೆ ಹಾಕುದು?”

ಅವರು ಪತ್ರಗಳನ್ನು ಮಡಚಿ ಕಡತದೊಳಗಿಟ್ಟರು. ಒಳಗೆ ಮಿಕ್ಸಿ ಓಡುತ್ತಿದ್ದ ಸದ್ದು ನಿಂತ ಮೇಲೆ ಮೆಲ್ಲಗೆ ಹೇಳಿದರು: “ನಿನಗೆ ಇನ್ನೂ ಸರ್ವಿಸ್ ಉಂಟು. ಇನ್ನೊಂದು ಬರೀತೀ. ನನ್ನದು ಅಂತ ಇದ್ದದ್ದು ಇದೊಂದೇ.”

ಅವರ ಪಟ್ಟಿಯಲ್ಲಿ ನಲವತ್ತಕ್ಕಿಂತ ಹೆಚ್ಚು ಲೇಖನಗಳಿವೆ. ಆದರೆ ಅವರು ಹೇಳಿದ್ದು ನನಗೆ ಅರ್ಥವಾಯಿತು. ನನಗೂ ಹಾಗೆಯೇ ಇತ್ತು.

ಹೊರಡುವಾಗ ಗೇಟಿನವರೆಗೆ ಬಂದರು. ಹಿಂದೆಲ್ಲ ಬಸ್ಸು ಹತ್ತಿಸಿಯೇ ಹೋಗುತ್ತಿದ್ದವರು. ಮೂರು ದಿನ ಬಿಟ್ಟು ಇಮೇಲ್ ಬಂತು. ‘ನನ್ನ ಒಪ್ಪಿಗೆ ಇದೆ’ ಎಂಬ ಒಂದು ಸಾಲು, ಕೆಳಗೆ ಹೆಸರು. ಆಮೇಲೆ ನಾನು ಫೋನ್ ಮಾಡಿದಾಗಲೆಲ್ಲ ಅವರ ಹೆಂಡತಿ ಎತ್ತುತ್ತಾರೆ. ಮಲಗಿದ್ದಾರೆ, ಸ್ನಾನಕ್ಕೆ ಹೋಗಿದ್ದಾರೆ, ಹೇಳ್ತೇನೆ ಅನ್ನುತ್ತಾರೆ. ಅವರು ಒಳ್ಳೆಯ ಹೆಂಗಸು, ಸುಳ್ಳು ಹೇಳುವಾಗ ಸ್ವರ ಸಣ್ಣದಾಗುತ್ತದೆ. ವಾರಕ್ಕೊಮ್ಮೆ ಮಾಡುತ್ತಿದ್ದವಳು ತಿಂಗಳಿಗೊಮ್ಮೆ ಮಾಡಿದೆ. ಈಗ ಹಬ್ಬಗಳಿಗೆ ಮಾತ್ರ.

ಪತ್ರಿಕೆಯವರಿಗೆ ಬರೆಯಲು ನನಗೆ ಒಂದು ವಾರ ಹಿಡಿಯಿತು. ಬರೆದು, ಅಳಿಸಿ, ಕೊನೆಗೆ ಹತ್ತು ಸಾಲಿನಲ್ಲಿ ಮುಗಿಸಿದೆ. ಒಬ್ಬರೇ ರೋಗಿಯನ್ನು ಎರಡು ಸಲ ಎಣಿಸಿದ್ದೇವೆ, ಕೆಲವರ ಸ್ಥಿತಿಯನ್ನು ಮನೆಯವರ ಮಾತಿನಿಂದ ಮಾತ್ರ ದಾಖಲಿಸಿದ್ದೇವೆ, ತೀರ್ಮಾನ ನಿಲ್ಲುವುದಿಲ್ಲ ಎಂದು. ಆ ವಿದೇಶಿ ಸಂಶೋಧಕಿಗೂ ಬರೆದೆ. ‘ತಿಳಿಸಿದ್ದಕ್ಕೆ ವಂದನೆ, ನಿಮ್ಮ ಅಧ್ಯಯನವನ್ನು ಕೈಬಿಟ್ಟಿದ್ದೇನೆ’ ಎಂದು ಉತ್ತರಿಸಿದಳು. ಅದಕ್ಕಿಂತ ಹೆಚ್ಚು ಅವಳಾದರೂ ಏನು ಬರೆಯಬೇಕು? ಆದರೂ ನಾನು ಎರಡು ಮೂರು ದಿನ ಇನ್ನೊಂದು ಇಮೇಲ್ ಬರುತ್ತದೇನೋ ಎಂದು ನೋಡುತ್ತಿದ್ದೆ.

ಕಾಲೇಜಿನಲ್ಲಿ ಸುದ್ದಿ ಹರಡಿತು. ನನ್ನೆದುರು ಯಾರೂ ಕೆಟ್ಟ ಮಾತು ಆಡಲಿಲ್ಲ. ಕ್ಯಾಂಟೀನಿನಲ್ಲಿ ನಾನು ಹೋದರೆ ಮಾತು ಬದಲಾಗುತ್ತಿತ್ತು. ನನ್ನ ಜೊತೆ ಹೊಸ ಅಧ್ಯಯನಕ್ಕೆ ಸೇರುತ್ತೇನೆಂದಿದ್ದ ಸರ್ಜನ್ ಒಬ್ಬರು, ಈಗ ಸ್ವಲ್ಪ ಬಿಜಿ ಮೇಡಂ, ನೋಡುವ ಅಂದರು. ಅವರದ್ದೇನೂ ತಪ್ಪಿಲ್ಲ. ಲೇಖನ ಹಿಂತೆಗೆದುಕೊಂಡವಳ ಜೊತೆ ಹೆಸರು ಸೇರಿಸಲು ಯಾರಿಗಾದರೂ ಹೆದರಿಕೆಯಾಗುತ್ತದೆ.

ಆಫೀಸಿನ ಗುಮಾಸ್ತರು ಪಟ್ಟಿ ನೋಡಿ, “ಇದನ್ನು ತೆಗೆದುಬಿಡಿ ಮೇಡಂ. ಹದಿಮೂರು ಅಂತ ಕೊಟ್ರೆ ಯಾರೂ ಕೇಳುದಿಲ್ಲ” ಎಂದು ಸಲಹೆ ಕೊಟ್ಟರು. ನಾನು ತೆಗೆಯಲಿಲ್ಲ. ಆ ಸಾಲಿನ ಎದುರು ‘ಹಿಂತೆಗೆದುಕೊಳ್ಳಲಾಗಿದೆ’ ಎಂದು ಸೇರಿಸಿ ಕೊಟ್ಟೆ. ಅದರಲ್ಲಿ ಸ್ವಲ್ಪ ಹಟವೂ ಇತ್ತು ಎಂದು ಈಗ ಅನಿಸುತ್ತದೆ. ಇಂಟರ್‌ವ್ಯೂನಲ್ಲಿ ಹೊರಗಿನಿಂದ ಬಂದ ತಜ್ಞರು ಅದೊಂದರ ಬಗ್ಗೆಯೇ ಕೇಳಿದರು.

“ರೋಗಿಯನ್ನು ನೀವೇ ಎರಡು ಸಲ ನೋಡಿದ್ದೀರಿ. ಹಾಗಿದ್ದೂ ಗುರುತು ಸಿಗಲಿಲ್ಲವೇ?”

“ಸಿಗಲಿಲ್ಲ” ಅಂದೆ. ಅವರು ಮುಂದಿನ ಪುಟ ತಿರುಗಿಸಿದರು. ಹುದ್ದೆ ನನಗಿಂತ ಒಂಬತ್ತು ವರ್ಷ ಚಿಕ್ಕವರೊಬ್ಬರಿಗೆ ಹೋಯಿತು. ಅವರು ನನ್ನ ವಿದ್ಯಾರ್ಥಿಯೇ. ಸಿಹಿ ತಂದು ಕೊಟ್ಟು ಕಾಲು ಮುಟ್ಟಲು ಬಂದಾಗ ತಡೆದೆ.

ಕುಂಬ್ರದಲ್ಲಿ ಅತ್ತಿಗೆ, “ಪ್ರಮೋಶನ್ ಎಂತ ಆಯ್ತು?” ಎಂದು ಕೇಳಿದರು. ಈ ಸಲ ಆಗಲಿಲ್ಲ ಅಂದೆ. ಅಣ್ಣ ಪೇಪರಿನಿಂದ ತಲೆಯೆತ್ತಿ, “ಅಲ್ಲೆಲ್ಲ ಇನ್‌ಫ್ಲುಯೆನ್ಸ್ ಬೇಕು” ಅಂದ. ನನ್ನ ಪರವಾಗಿ ಅವನಿಗೆ ತಿಳಿದ ಒಳ್ಳೆಯ ಮಾತು ಅದು. ಒಮ್ಮೆ ಎಲ್ಲವನ್ನೂ ಹೇಳಿಬಿಡೋಣ ಎನಿಸಿತು. ಎಲ್ಲಿಂದ ಶುರು ಮಾಡುವುದು, ಅಡಿಕೆಯಿಂದಲೇ? ಸುಮ್ಮನೆ ಸಾರು ಬಡಿಸಿಕೊಂಡೆ.

ಆ ವರ್ಷದ ಕೊನೆಗೆ ಕಾಣಿಯೂರಿನವರು ವಾರ್ಷಿಕ ತಪಾಸಣೆಗೆ ಬಂದರು. ನಾನು ಸ್ಲೈಡುಗಳ ಟ್ರೇ ಹಿಡಿದು ಹೊರರೋಗಿ ವಿಭಾಗದ ಮುಂದೆ ಹಾದುಹೋಗುವಾಗ ಗಂಡನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಿದ್ದರು. ಕಾಲು ತಾನಾಗಿ ನಿಂತಿತು. ಗಂಡ ನನ್ನನ್ನು ನೋಡಿ ಎದ್ದು, “ಇವರು ಅವತ್ತು ರಕ್ತ ತೆಗೆದ ಡಾಕ್ಟ್ರಲ್ವಾ?” ಎಂದು ಹೆಂಡತಿಯನ್ನು ಕೇಳಿದರು.

ಅವರು ನನ್ನ ಮುಖವನ್ನು ನೆಟ್ಟಗೆ ನೋಡಿದರು. “ಹೌದಾ? ನನಗೆ ಗುರ್ತ ಸಿಕ್ಕುದಿಲ್ಲ” ಅಂದರು.

“ಹೇಗಿದ್ದೀರಿ?” ಎಂದು ನಾನು ಗಂಡನನ್ನು ಕೇಳಿದೆ.

“ಹುಷಾರು ಡಾಕ್ಟ್ರೆ. ಹೋದ ವರ್ಷವೂ ಎಂತ ತೊಂದರೆ ಇಲ್ಲ ಅಂತ ಹೇಳಿದ್ರು” ಎಂದು ಸಂತೋಷದಿಂದ ಹೇಳಿದರು. ಮಗಳಿಗೆ ಮಗುವಾದ ಸುದ್ದಿಯನ್ನೂ ಹೇಳಿದರು. ಅವರ ಹೆಂಡತಿ ಚೀಲದೊಳಗೆ ಏನನ್ನೋ ಹುಡುಕುತ್ತಿದ್ದರು. ಒಳಗಿನಿಂದ ಅವರ ಹೆಸರು ಕೂಗಿದರು, ಕಾಣಿಯೂರಿನ ಹೆಸರು. ಇಬ್ಬರೂ ಒಳಗೆ ಹೋದರು.

ಆ ದಿನ ಕಾಣಿಯೂರಿನಿಂದ ಹೊರಟ ಮೇಲೆ ಅವರು ಎಂದಾದರೂ ಫೋನ್ ಮಾಡಬಹುದು ಎಂದು ನಾನು ಅಂದುಕೊಂಡಿದ್ದೆ. ಅವರ ಐದು ತಿಂಗಳು ತಿಳಿದಿರುವುದು ನನಗೊಬ್ಬಳಿಗೇ. ಆದ್ದರಿಂದಲೇ ಅವರು ಮಾಡುವುದಿಲ್ಲ ಎಂಬುದು ಆ ಬೆಂಚಿನ ಮುಂದೆ ನಿಂತಾಗ ತಿಳಿಯಿತು. ನನಗೆ ಸಿಟ್ಟು ಬರಲಿಲ್ಲ. ಕಾರಿಡಾರಿನಲ್ಲಿ ಅಷ್ಟು ಜನ ಓಡಾಡುತ್ತಿದ್ದರು. ಮಧ್ಯದಲ್ಲಿ ನಿಂತವಳಿಗೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಬಂದು, “ಸ್ವಲ್ಪ ಸೈಡ್ ಕೊಡಿ ಮೇಡಂ” ಅಂದರು.

ಎರಡು ಗಂಟೆಗೆ ಪ್ರಾಕ್ಟಿಕಲ್ ಕ್ಲಾಸಿತ್ತು. ಮಕ್ಕಳು ಆಗಲೇ ಮೈಕ್ರೋಸ್ಕೋಪುಗಳ ಮುಂದೆ ಕೂತು ಗಲಾಟೆ ಮಾಡುತ್ತಿದ್ದರು. ಟ್ರೇ ಮೇಜಿನ ಮೇಲಿಟ್ಟು, ಹಾಜರಿ ಪುಸ್ತಕ ತೆರೆದು, ಮೊದಲನೆಯ ಹೆಸರು ಕರೆದೆ. ಹಿಂದಿನ ಸಾಲಿನ ಹುಡುಗಿ ಕೈಯೆತ್ತಿದಳು. ಅವಳ ಮುಖವನ್ನು ಸರಿಯಾಗಿ ನೋಡಿಕೊಂಡು, ಎರಡನೆಯ ಹೆಸರಿಗೆ ಹೋದೆ.